ಬಿಲ್ಲಿನಲ್ಲಿ ಹೆಸರಿಲ್ಲದ ಎಸ್‌ಎಂಪಿಎಸ್

"ಬ್ರಾಂಡೆಡ್ ತಗೊಂಡ್ರೆ ನೆಮ್ಮದಿ, ಅಸೆಂಬಲ್ ಮಾಡಿಸಿದ್ರೆ ಅಗ್ಗ." ಡೆಸ್ಕ್‌ಟಾಪ್ ಕೊಳ್ಳಲು ಹೊರಟವರಿಗೆ ನಮ್ಮಲ್ಲಿ ಲಾಗಾಯ್ತಿನಿಂದ ಸಿಗುತ್ತಿರುವ ಸಲಹೆ ಇದು. ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ಇದನ್ನೇ ಹೇಳುತ್ತಾರೆ, ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಯಲ್ಲೂ ಇದನ್ನೇ. ಎರಡೂ ಅರ್ಧರ್ಧ ಸತ್ಯ. ಆ ನೆಮ್ಮದಿಗೆ ಒಂದು ಅವಧಿಯಿದೆ, ಆ ಅಗ್ಗಕ್ಕೆ ಹಲವು ಷರತ್ತುಗಳಿವೆ. ಯಂತ್ರವನ್ನು ಯಾರು ಜೋಡಿಸಿದರು ಎಂಬುದಕ್ಕಿಂತ, ಒಳಗಿನ ಭಾಗಗಳು ಎಲ್ಲರೂ ಒಪ್ಪಿದ ಅಳತೆಯವೋ ಅಲ್ಲವೋ ಎಂದು ನೋಡಬೇಕು ಎನ್ನುವುದು ನನ್ನ ವಾದ.

ಅಸೆಂಬಲ್ ಮಾಡುವುದು ಸಾಧ್ಯವಾದದ್ದೇ ಆ ಒಪ್ಪಿಗೆಯಿಂದ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ತಂದಾಗ ಪ್ರೊಸೆಸರನ್ನು ಇಂಟೆಲ್‌ನಿಂದ, ಆಪರೇಟಿಂಗ್ ಸಿಸ್ಟಮನ್ನು ಮೈಕ್ರೋಸಾಫ್ಟ್‌ನಿಂದ ಪಡೆಯಿತು. ಒಳರಚನೆಯ ವಿವರಗಳನ್ನೂ ಪ್ರಕಟಿಸಿತು. ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್ ಮಾತ್ರ ಅದರ ಕಾಪಿರೈಟಿನಲ್ಲಿತ್ತು. ಕಾಂಪ್ಯಾಕ್ ಅದನ್ನು ನಕಲು ಮಾಡದೆ ಹೊಸದಾಗಿ ಬರೆಸಿ, ಐಬಿಎಂ ಪಿಸಿಯ ಜಾಗದಲ್ಲಿ ಕೂರಬಲ್ಲ ಯಂತ್ರವನ್ನು 1983ರಲ್ಲಿ ಮಾರತೊಡಗಿತು. ಅಲ್ಲಿಂದ ಮುಂದೆ ಪಿಸಿಯ ಮೇಲಿನ ಹಿಡಿತ ಐಬಿಎಂ ಕೈಯಿಂದ ಜಾರತೊಡಗಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ರೂಪಿಸಿತು: ಮದರ್‌ಬೋರ್ಡಿನ ತೂತು ಎಲ್ಲಿರಬೇಕು, ಕರೆಂಟಿನ ಪ್ಲಗ್ಗಿಗೆ ಎಷ್ಟು ಪಿನ್ನು, ಹಿಂಬದಿಯ ಕಿಂಡಿ ಎಷ್ಟಗಲ. ತೈವಾನಿನ ಬೋರ್ಡು, ಕೊರಿಯಾದ ರ‍್ಯಾಮ್, ಚೀನಾದ ಕ್ಯಾಬಿನೆಟ್ಟು ಒಂದೇ ಸ್ಕ್ರೂಡ್ರೈವರಿಗೆ ಬಗ್ಗುವುದು ಇಂಥ ಒಪ್ಪಿದ ಅಳತೆಗಳ ದೆಸೆಯಿಂದ.

ಈಗ ಒಂದು ಬ್ರಾಂಡೆಡ್ ಡೆಸ್ಕ್‌ಟಾಪಿನ ವಿವರಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಪ್ರೊಸೆಸರಿನ ಹೆಸರು ದಪ್ಪ ಅಕ್ಷರದಲ್ಲಿ, ಆಮೇಲೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್. ಮದರ್‌ಬೋರ್ಡ್ ಯಾವುದು? ಬರೆದಿರುವುದಿಲ್ಲ. ಕರೆಂಟು ಹಂಚುವ ಎಸ್‌ಎಂಪಿಎಸ್ ಯಾರದು? ಹೆಚ್ಚೆಂದರೆ ವ್ಯಾಟ್ ಸಂಖ್ಯೆಯೊಂದು ಮೂಲೆಯಲ್ಲಿ ಸಿಕ್ಕೀತು. ರ‍್ಯಾಮ್ 16 ಜಿಬಿ ಎಂದರೆ ಒಂದೇ ಪಟ್ಟಿಯೋ, ಎಂಟೆಂಟರ ಎರಡೋ? ಒಂದೇ ಆಗಿದ್ದರೆ ಮೆಮೊರಿಗೂ ಪ್ರೊಸೆಸರಿಗೂ ನಡುವಿನ ಹಾದಿಯಲ್ಲಿ ಅರ್ಧ ಮಾತ್ರ ತೆರೆದಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಪರದೆಯ ಕೆಲಸವೂ ಅದೇ ರ‍್ಯಾಮಿನಿಂದ ನಡೆಯುವುದರಿಂದ ಈ ಉಳಿತಾಯದ ಪೆಟ್ಟು ಕಣ್ಣಿಗೇ ಕಾಣುತ್ತದೆ. ಬರೆದಿರುವುದೆಲ್ಲ ನಿಜವೇ. ಆದರೆ ಕಂಪನಿ ಎಲ್ಲಿ ಕೈ ಬಿಗಿಹಿಡಿಯಿತೋ ಅಲ್ಲಿ ಪಟ್ಟಿ ಮೌನ.

ಈ ಮೌನದ ಪೆಟ್ಟು ಮೂರನೆಯದೋ ನಾಲ್ಕನೆಯದೋ ವರ್ಷ ಬೀಳುತ್ತದೆ. ಮಗಳು ವಿಡಿಯೋ ಎಡಿಟಿಂಗ್ ಕಲಿಯುತ್ತಾಳೆ, ಗ್ರಾಫಿಕ್ಸ್ ಕಾರ್ಡ್ ಬೇಕು. ಎಸ್‌ಎಂಪಿಎಸ್‌ಗೆ ಶಕ್ತಿ ಸಾಲದು, ಕಾರ್ಡಿಗೆ ಬೇಕಾದ ವೈರೂ ಅದರಿಂದ ಹೊರಟಿಲ್ಲ. ಬದಲಿಸೋಣವೆಂದರೆ ಅದರ ಆಕಾರವೇ ಬೇರೆ, ಬೋರ್ಡಿನ ಪ್ಲಗ್ಗೂ ಬೇರೆ. ಬೋರ್ಡನ್ನೂ ಬದಲಿಸೋಣವೆಂದರೆ ಕ್ಯಾಬಿನೆಟ್ಟಿನ ತೂತುಗಳು ಹೊಂದುವುದಿಲ್ಲ. ಒಂದು ಕಾರ್ಡಿಗಾಗಿ ಇಡೀ ಯಂತ್ರ ಗುಜರಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ಡೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅದರ ಹಲವು ಯಂತ್ರಗಳಲ್ಲಿ ಪ್ಲಗ್ಗು ನೋಡಲು ಥೇಟ್ ಎಟಿಎಕ್ಸ್, ಒಳಗಿನ ವೈರಿಂಗ್ ಮಾತ್ರ ಬೇರೆ. ಮಾಮೂಲಿ ಎಸ್‌ಎಂಪಿಎಸ್ ಚುಚ್ಚಿದರೆ ಬೋರ್ಡ್ ಸುಡುವ ಅಪಾಯವಿತ್ತು.

ಹಾಗೆಂದು ಅಸೆಂಬಲ್ಡ್ ಅಂಗಡಿಯ ಕೊಟೇಶನ್ ಹಾಳೆಯೇನೂ ಸತ್ಯಹರಿಶ್ಚಂದ್ರನಲ್ಲ. ಒಂದೊಂದು ಭಾಗಕ್ಕೂ ಹೆಸರು, ಮಾದರಿ, ಬೆಲೆ ಇರುತ್ತದೆ, ಚೌಕಾಸಿಗೂ ಎಡೆಯಿರುತ್ತದೆ. ಆದರೆ ಕೊನೆಯ ಸಾಲಿಗೆ ಬನ್ನಿ: "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್". ಗೋಡೆಯ ಕರೆಂಟನ್ನು ಪಳಗಿಸಿ ಉಳಿದೆಲ್ಲ ಭಾಗಗಳಿಗೆ ಹಂಚುವ ಡಬ್ಬಿ ಇದು. ವೋಲ್ಟೇಜು ಏರಿಳಿಯುವ ನಮ್ಮೂರುಗಳಲ್ಲಿ ಯಂತ್ರದ ಆಯುಷ್ಯ ಇದರ ಕೈಯಲ್ಲಿದೆ. ಅದೇ ಇಲ್ಲಿ ಕ್ಯಾಬಿನೆಟ್ಟಿನ ಜೊತೆ ಕೊಸರಾಗಿ ಬರುತ್ತದೆ. ಮೇಲೆ 450 ವ್ಯಾಟ್ ಎಂಬ ಸ್ಟಿಕ್ಕರ್. ಅಷ್ಟು ಹೊರೆ ಹೊರಿಸಿದರೆ ಏನಾಗುತ್ತದೆಂಬುದು ದೇವರಿಗೇ ಗೊತ್ತು. ಎಂಬತ್ತು ಸಾವಿರದ ಯಂತ್ರಕ್ಕೆ ಸಾವಿರ ರೂಪಾಯಿಯ ಎಸ್‌ಎಂಪಿಎಸ್ ಹಾಕಿಸಿ 'ಬ್ರಾಂಡಿಗಿಂತ ಅಗ್ಗ' ಎಂದು ಬೀಗುವವರನ್ನು ಕಂಡರೆ ನನಗೆ ಕನಿಕರ.

ಅಗ್ಗದ ಲೆಕ್ಕದಲ್ಲಿ ಇನ್ನೂ ಕೆಲವು ಖರ್ಚುಗಳು ಅಡಗಿವೆ. ಕೊಟೇಶನ್ನಿನಲ್ಲಿ ಸಾಮಾನ್ಯವಾಗಿ ವಿಂಡೋಸಿನ ಬೆಲೆ ಇರುವುದಿಲ್ಲ; "ಹಾಕಿಕೊಡ್ತೀವಿ ಬಿಡಿ ಸಾರ್" ಎಂಬ ಮಾತಿನಲ್ಲಿ ಅದು ಮುಗಿಯುತ್ತದೆ. "ಬಿಲ್ ಬೇಡಾಂದ್ರೆ ಕಮ್ಮಿ ಮಾಡ್ತೀನಿ" ಎನ್ನುವವರೂ ಇದ್ದಾರೆ. ಶೇ 18ರ ಜಿಎಸ್‌ಟಿ ಉಳಿಯಿತೆಂದು ಒಪ್ಪಿದರೆ ವಾರಂಟಿಗೆ ಬೇಕಾದ ಕಾಗದವೂ ಕೈತಪ್ಪುತ್ತದೆ. ಇವನ್ನೆಲ್ಲ ಸೇರಿಸಿ ಕೂಡಿದರೆ, ಬರೀ ಟೈಪಿಂಗು, ಬ್ಯಾಂಕಿಂಗು, ಆನ್‌ಲೈನ್ ಪಾಠಕ್ಕೆ ಸಾಕಾಗುವ ಯಂತ್ರದಲ್ಲಿ ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಕರಗುತ್ತದೆ.

ಕೆಟ್ಟಾಗ? ಬ್ರಾಂಡೆಡ್ ಆದರೆ ಒಂದು ಸೀರಿಯಲ್ ನಂಬರು, ಒಂದು ಫೋನು. ಆನ್‌ಸೈಟ್ ವಾರಂಟಿ ಇದ್ದರೆ ಎಂಜಿನಿಯರು ಮನೆಗೇ ಬರುತ್ತಾನೆ. ಅಸೆಂಬಲ್ಡ್‌ನಲ್ಲಿ ಮೊದಲು ಕೆಟ್ಟದ್ದು ಯಾವುದೆಂದು ನೀವೇ ಪತ್ತೆ ಮಾಡಬೇಕು. ಬೋರ್ಡಿನವನು ರ‍್ಯಾಮ್ ನೋಡಿ ಎನ್ನುತ್ತಾನೆ, ರ‍್ಯಾಮಿನವನು ಬೋರ್ಡು ನೋಡಿ ಎನ್ನುತ್ತಾನೆ. ವಾರಂಟಿ ಇರುವಷ್ಟು ಕಾಲ ಬ್ರಾಂಡ್ ಗೆದ್ದಂತೆಯೇ. ವಾರಂಟಿ ಮುಗಿದ ಮರುದಿನ ಆಟ ತಿರುಗುತ್ತದೆ. ಶಿರಸಿಯಲ್ಲೋ ಕೊಪ್ಪಳದಲ್ಲೋ ಸ್ಕ್ರೂಡ್ರೈವರ್ ಹಿಡಿದು ಕೂತ ಹುಡುಗ ಎಟಿಎಕ್ಸ್ ಯಂತ್ರಕ್ಕೆ ಯಾವುದೋ ಕಂಪನಿಯ ಎಸ್‌ಎಂಪಿಎಸ್ ಹಾಕಿ ಸಂಜೆಯೊಳಗೆ ಎಬ್ಬಿಸಿ ಕೂರಿಸುತ್ತಾನೆ. ಕಂಪನಿಯ ಸ್ವಂತ ಅಳತೆಯ ಬೋರ್ಡಿನ ಮುಂದೆ ಅವನೂ ಕೈ ಚೆಲ್ಲುತ್ತಾನೆ.

ಸ್ವತಃ ಕೂತು ಜೋಡಿಸುವ ಹವ್ಯಾಸಕ್ಕೆ ಅಂಟಿರುವ ವೀರಾವೇಶ ನನಗೆ ಅಷ್ಟಾಗಿ ಹಿಡಿಸದು. ಸಾಕೆಟ್ಟಿನ ಪಿನ್ನು ಬಾಗದಂತೆ ಪ್ರೊಸೆಸರ್ ಕೂರಿಸುವುದು, ಮುಂಬದಿಯ ಸ್ವಿಚ್ಚಿನ ಕೂದಲೆಳೆಯಂಥ ವೈರುಗಳನ್ನು ಅವುಗಳ ಜಾಗ ಹುಡುಕಿ ಚುಚ್ಚುವುದು, ಇವೆಲ್ಲ ಒಂದು ಸಂಜೆಯ ಕೆಲಸ. ನಿಜವಾದ ಕಸುಬು ಆಯ್ಕೆಯಲ್ಲಿದೆ. ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡನ್ನು 2017ರಲ್ಲಿ ಕೊಂಡವರಲ್ಲಿ ಅನೇಕರು ಬಯಾಸ್ ಅಪ್‌ಡೇಟ್ ಮಾಡಿ 2022ರ ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಕೂರಿಸಿಕೊಂಡರು. ಐದು ವರ್ಷದ ಹಳೆಯ ಯಂತ್ರ ಒಂದು ಭಾಗದಿಂದ ಹೊಸದಾಯಿತು. ಅಸೆಂಬ್ಲಿಯ ಪರವಾಗಿ ಇದಕ್ಕಿಂತ ಗಟ್ಟಿ ಸಾಕ್ಷ್ಯ ನನಗೆ ಕಾಣದು.

ಆದರೆ ಕಾಲ ಆ ಕಡೆಗಿಲ್ಲ. 2021ರ ಸುಮಾರಿಗೆ ಕ್ರಿಪ್ಟೋ ಗಣಿಗಾರಿಕೆ ಮತ್ತು ಚಿಪ್ ಕೊರತೆಯಿಂದ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಆಕಾಶಕ್ಕೇರಿದಾಗ, ಸಗಟು ಒಪ್ಪಂದವಿದ್ದ ಕಂಪನಿಗಳ ಸಿದ್ಧಯಂತ್ರವೇ ಎಷ್ಟೋ ಸಲ ಅಗ್ಗವಾಗಿತ್ತು. 2025ರ ಕೊನೆಗೆ ಅದೇ ಬಿಸಿ ರ‍್ಯಾಮಿಗೆ ತಟ್ಟಿತು. ಮೆಮೊರಿ ಚಿಪ್ಪುಗಳು ಎಐ ಡೇಟಾ ಸೆಂಟರುಗಳ ಪಾಲಾಗತೊಡಗಿದವು; ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಬ್ರಾಂಡನ್ನು ನಿಲ್ಲಿಸುವುದಾಗಿ ಮೈಕ್ರಾನ್ ಡಿಸೆಂಬರಿನಲ್ಲಿ ಹೇಳಿತು. ಅತ್ತ ಆಪಲ್ 2024ರ ನವೆಂಬರಿನಲ್ಲಿ ತಂದ ಎಂ4 ಮ್ಯಾಕ್ ಮಿನಿ, 16 ಜಿಬಿ ಮೆಮೊರಿಯೊಂದಿಗೆ, 59,900 ರೂಪಾಯಿಗೆ ಬಂತು. ಅಂಗೈಗಿಂತ ತುಸು ದೊಡ್ಡದಾದ ಆ ಡಬ್ಬಿಯ ವೇಗ, ಮೌನ, ಕರೆಂಟಿನ ಮಿತಬಳಕೆ ಮೂರನ್ನೂ ಅದೇ ದುಡ್ಡಿನಲ್ಲಿ ಅಸೆಂಬಲ್ ಮಾಡಿ ತೋರಿಸುವುದು ಕಷ್ಟ. ಮೆಮೊರಿಯನ್ನು ಪ್ರೊಸೆಸರಿನ ಮಗ್ಗುಲಲ್ಲೇ ಬೆಸೆದಿರುವುದು ಈ ವೇಗಕ್ಕೆ ಒಂದು ಕಾರಣ. ಮುಂದೆ ಒಂದು ಜಿಬಿಯನ್ನೂ ಸೇರಿಸಲಾಗದಿರುವುದು ಅದಕ್ಕೆ ತೆರುವ ಬೆಲೆ. ರಿಪೇರಿಯೇ ತನ್ನ ಧರ್ಮವೆಂದು ಸಾರಿದ ಫ್ರೇಮ್‌ವರ್ಕ್ ಕಂಪನಿಯ 2025ರ ಡೆಸ್ಕ್‌ಟಾಪಿನಲ್ಲೂ ರ‍್ಯಾಮ್ ಬೆಸೆದದ್ದೇ. ಆದರೂ ಅವರು ಬೋರ್ಡಿನ ಅಳತೆಯನ್ನೂ ಎಸ್‌ಎಂಪಿಎಸ್ಸನ್ನೂ ಎಲ್ಲರದ್ದೇ ಇಟ್ಟರು. ಸೋಲುವಾಗಲೂ ಎಷ್ಟು ಬಿಟ್ಟುಕೊಡಬೇಕೆಂದು ತಿಳಿದವರ ಕೆಲಸ ಅದು.

ಹತ್ತಾರು ಯಂತ್ರಗಳ ಕಚೇರಿಗೆ ನಾನು ಕಣ್ಣುಮುಚ್ಚಿ ಬ್ರಾಂಡೆಡ್ ಎನ್ನುತ್ತೇನೆ. ಅಲ್ಲಿ ಮೂರು ವರ್ಷದ ಒಪ್ಪಂದವೇ ಸರಕು. ಮನೆಗಾದರೆ, ಎಟಿಎಕ್ಸ್ ಅಳತೆಯ ಭಾಗಗಳಿಂದಲೇ ಜೋಡಿಸಿ ತಮ್ಮದೇ ವಾರಂಟಿ ಕೊಡುವ ಅಂಗಡಿಗಳಿವೆ, ನನ್ನ ಒಲವು ಅತ್ತ. ಹೋದಾಗ ಪ್ರೊಸೆಸರಿನ ಮಾತು ಕೊನೆಗಿರಲಿ. ಎಸ್‌ಎಂಪಿಎಸ್ ಯಾವ ಕಂಪನಿಯದು, ಯಾವ ಮಾದರಿ ಎಂದು ಮೊದಲು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಪಕ್ಕದ ಅಂಗಡಿಗೆ ನಡೆಯಿರಿ, ಎಸ್.ಪಿ. ರೋಡಿನಲ್ಲಿ ಅಂಗಡಿಗಳಿಗೇನು ಬರವಿಲ್ಲ.