ಯಾರದೆಂದು ಕೇಳದ ಕೀಲಿಕೈ

ಮೊಬೈಲಿನ ಬೀಗ ಬಿಚ್ಚುವ ಸಾಫ್ಟ್‌ವೇರುಗಳ ಜಾಹೀರಾತುಗಳನ್ನು ಒಂದು ಬಗೆಯ ಕಥಾಸಾಹಿತ್ಯವೆಂದೇ ಓದಬಹುದು. ಅವುಗಳಲ್ಲೆಲ್ಲ ಬರುವ ನಾಯಕಿ ಒಬ್ಬಳೇ: ಪಾಸ್‌ವರ್ಡ್ ಮರೆತ ಅಜ್ಜಿ. ಆಗಾಗ ಹಳೆಯ ಫೋನು ಕೊಂಡು ಪೇಚಿಗೆ ಸಿಕ್ಕ ಬಡ ವಿದ್ಯಾರ್ಥಿಯೂ ಬರುತ್ತಾನೆ. ಕಳ್ಳ ಮಾತ್ರ ಎಲ್ಲಿಯೂ ಕಾಣಿಸುವುದಿಲ್ಲ. ಈ ಬೀಗ ಹುಟ್ಟಿದ್ದೇ ಅವನಿಗಾಗಿ ಎಂಬುದನ್ನು ಕಥೆಗಾರರು ಜಾಣತನದಿಂದ ಮರೆತಿದ್ದಾರೆ.

ಆಪಲ್ ಕಂಪನಿ 2013ರಲ್ಲಿ, ಗೂಗಲ್ 2015ರಲ್ಲಿ ಇದನ್ನು ತಂದವು. ಬೀದಿಯಲ್ಲಿ ಫೋನು ಕಸಿಯುವ ಹಾವಳಿಗೆ ಬೇಸತ್ತ ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನನ್ನೇ ಮಾಡಿತು. ಕದ್ದವನು ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದರಂತೆ ಮಾಡಿದರೂ, ಅದು ಮತ್ತೆ ಎಚ್ಚೆತ್ತಾಗ ಹಳೆಯ ಯಜಮಾನನ ಖಾತೆಯನ್ನೇ ಕೇಳುತ್ತದೆ. ಮಾರಿಹೋಗದ ಮಾಲನ್ನು ಯಾರು ಕದ್ದಾರು ಎಂಬುದು ಲೆಕ್ಕಾಚಾರ.

ಇಲ್ಲಿಯೇ ಜಾಹೀರಾತು ನುಂಗಿಕೊಂಡ ಸತ್ಯವೊಂದಿದೆ. ಈ ಬೀಗ ಎದುರಾಗುವುದು ಫೋನು ಅಳಿಸಿಹೋದ ಮೇಲೆ. ಅಜ್ಜಿಯ ಮೊಮ್ಮಗನ ಫೋಟೋಗಳು, ತೀರಿಕೊಂಡ ಯಜಮಾನರ ದನಿ, ಎಲ್ಲ ಆಗಲೇ ಹೋಗಿರುತ್ತವೆ. ಬೇರೆಡೆ ನಕಲು ಇದ್ದರೆ ಉಂಟು, ಇಲ್ಲವಾದರೆ ಇಲ್ಲ. ಸಾಫ್ಟ್‌ವೇರು ತೆರೆದುಕೊಡುವುದು ಬರಿದಾದ ಮನೆಯನ್ನು. ಆಕೆಗೆ ದಕ್ಕುವುದು ಫೋನಿನ ಬೆಲೆಯಷ್ಟೇ. ಕಳ್ಳನಿಗೆ ಬೇಕಾದದ್ದೂ ಅದೇ! ಅವಳಿಗೆ ಅರೆಪಾಲು, ಅವನಿಗೆ ಪೂರ್ತಿ ಪಾಲು ಕೊಡುವ ಸಾಧನವನ್ನು ಅಜ್ಜಿಯ ಹೆಸರಿನಲ್ಲಿ ಮಾರುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಬಳಸುವ ಬಗೆಯಂತೂ ಇನ್ನೂ ಸೊಗಸು. ಇವುಗಳಲ್ಲಿ ಎಷ್ಟೋ ಕೊಡುವ ಮೊದಲ ಸೂಚನೆ, ಕಂಪ್ಯೂಟರಿನ ಆಂಟಿವೈರಸ್ ನಿಲ್ಲಿಸಿ ಎಂಬುದು. ನೆಂಟ ಬರುವ ಮೊದಲು ನಾಯಿಯನ್ನು ಕಟ್ಟಿಹಾಕಿ ಎಂದರೆ ಒಪ್ಪಬಹುದು, ಆದರೆ ಬರುವವನು ಯಾರೆಂದೇ ಗೊತ್ತಿಲ್ಲವಲ್ಲ. ಅದೇ ಕಂಪ್ಯೂಟರಿನಲ್ಲಿ ನಿಮ್ಮ ಬ್ಯಾಂಕಿನ ಗುಟ್ಟುಗಳಿರುತ್ತವೆ. ಇಷ್ಟೆಲ್ಲ ಮಾಡಿ ಬೀಗ ಬಿಚ್ಚಿದರೂ, ಕಳುವಾದುದೆಂದು ದೂರು ದಾಖಲಾದ ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಬದಲಾಗದು. 2023ರ ಮೇ ತಿಂಗಳಿನಲ್ಲಿ ದೇಶಕ್ಕೆಲ್ಲ ಬಂದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಆ ಸಂಖ್ಯೆಯನ್ನು ತಡೆಹಿಡಿದಿದ್ದರೆ, ಬಿಚ್ಚಿದ ಫೋನಿಗೆ ಸಿಮ್ ಹಾಕಿದವನ ಜಾಡು ಪೊಲೀಸರಿಗೆ ಸಿಗುತ್ತದೆ. ಆಗ ಕದ್ದವನಲ್ಲ, ಕೊಂಡ ವಿದ್ಯಾರ್ಥಿ ಠಾಣೆಯ ಬೆಂಚಿನ ಮೇಲೆ ಕೂರುತ್ತಾನೆ.

ಹಾಗೆಂದು ಕಂಪನಿಗಳು ನಿರಪರಾಧಿಗಳಲ್ಲ. ಪಾಸ್‌ವರ್ಡ್ ಮರೆತವರಿಗೆ ದಾರಿಯಿದೆ: ಬೇರೊಂದು ಫೋನಿನಿಂದ ಅದನ್ನು ಬದಲಾಯಿಸಿ, ಬಳಿಕ 24 ಗಂಟೆ ಕಾಯಬೇಕಾಗಬಹುದು. ರಸೀದಿಯಿದ್ದರೆ ಸರ್ವಿಸ್ ಸೆಂಟರೂ ಇದೆ. ಆದರೆ ಕೈಯಿಂದ ಕೈಗೆ ಮೂರು ಸಲ ದಾಟಿದ ಫೋನಿಗೆ ರಸೀದಿ ಎಲ್ಲಿಂದ ಬರಬೇಕು? ಮಾರುವ ಮೊದಲು ತನ್ನ ಖಾತೆಯನ್ನು ಫೋನಿನಿಂದ ತೆಗೆಯಬೇಕೆಂದು ಮಾರುವವನಿಗೆ ಹೇಳಿಕೊಟ್ಟವರಾರು? ಫೋನುಗಳನ್ನು ಎರಡನೆಯ ಕೈಯಲ್ಲಿ ಕೊಳ್ಳುವವರೂ ಮನುಷ್ಯರೇ ಎಂಬುದು ಬೀಗ ಮಾಡಿದವರ ಮನಸ್ಸಿಗೆ ಬಂದಂತಿಲ್ಲ.

ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿಯಿಟ್ಟ ಹುಡುಗನೊಬ್ಬ ಇಂಥ ಫೋನು ಬಂದರೆ ಮೊದಲು ಕೇಳುವುದು, "ಇದು ಯಾರದು ಸಾರ್, ಡಬ್ಬಿ ಇದೆಯಾ?" ಎಂದು. ಐಎಂಇಐ ನೋಡಿ, ಹೆಸರು ವಿಳಾಸ ಬರೆದುಕೊಂಡು, ಅನುಮಾನ ಬಂದರೆ ಹಿಂದಿರುಗಿಸುತ್ತಾನೆ. ಸಾಫ್ಟ್‌ವೇರಿಗೆ ಬಾರದ ಪ್ರಶ್ನೆ ಅವನಿಗೆ ಬರುತ್ತದೆ. ಅಂಥವನ ಕೈಗೆ ಕಂಪನಿಗಳು ಅಧಿಕೃತವಾದ ದಾರಿಯೊಂದನ್ನು ಕೊಟ್ಟಿದ್ದರೆ, ಹೆಸರಿಲ್ಲದ ಕಡತವೊಂದನ್ನು ಇಳಿಸಿಕೊಳ್ಳಲು ಯಾರೂ ಹೋಗುತ್ತಿರಲಿಲ್ಲ.