ತ್ರಿಪದಿಯ ಅಕ್ಷರವಿಭಾಗವೂ ಉಚ್ಚಾರಣೆಯೂ

ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳೊಡನೆ ಪರಂಪರೆಯು ಸರ್ವಜ್ಞನ ಹೆಸರನ್ನು ಬೆಸೆದಿದೆ. ಜನರ ಬಾಯಲ್ಲಿ ಬಾಳಿಬಂದ ಆತನ ತ್ರಿಪದಿಗಳನ್ನು ಉತ್ತಂಗಿ ಚನ್ನಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಕಿವಿಗಾಗಿ ಹುಟ್ಟಿದ ಇಂತಹ ಪದ್ಯವನ್ನು ಕಣ್ಣಿನಿಂದಲೇ ಅಳೆಯುವುದು ಯುಕ್ತವೇ ಎಂಬುದು ವಿಚಾರಾರ್ಹವಾಗಿದೆ.

ಕನ್ನಡ ಲಿಪಿಯಲ್ಲಿ ಒತ್ತಕ್ಷರವು ಮುಂದಿನ ಸ್ವರದೊಡನೆ ನಿಲ್ಲುವುದು. ಉಚ್ಚಾರಣೆಯಲ್ಲಾದರೋ ಅದರ ಮೊದಲ ವ್ಯಂಜನವು ಹಿಂದಿನ ಸ್ವರವನ್ನು ಸೇರುವುದು. ಕಣ್ಣಿಗೆ ಶಿ-ಗ್ಗಾಂ-ವಿ ಎಂದು ತೋರುವುದನ್ನು ನಾಲಗೆಯು ಶಿಗ್-ಗಾಂ-ವಿ ಎಂದು ಒಡೆಯುವುದು. ‘ಹಾನಗಲ್ಲು’ ಎಂಬುದು ಹಾ-ನ-ಗಲ್-ಲು ಆಗುವುದು. ಒತ್ತಕ್ಷರದ ಹಿಂದಿನ ಲಘುವು ಗುರುವಾಗುವುದೆಂಬ ಲಕ್ಷಣಕಾರರ ವಿಧಿಗೆ ಇದೇ ಆಧಾರವು.

ಬರೆಹಕ್ಕೂ ನುಡಿಗೂ ಇರುವ ಈ ಅಂತರವು ಫ್ರೆಂಚ್ ಭಾಷೆಯಲ್ಲಿ ಇನ್ನೂ ಹೆಚ್ಚು. ಅಲ್ಲಿ ಪದಾಂತ್ಯದ ಮೂಕವ್ಯಂಜನವು ಮುಂದೆ ಸ್ವರ ಬಂದೊಡನೆ ಧ್ವನಿಗೊಂಡು ಅದಕ್ಕೆ ಅಂಟುವುದುಂಟು: ‘ಲೆ’, ‘ಆಮಿ’ ಎಂಬವು ಕೂಡಿ ಲೆ-ಜಾ-ಮಿ ಆಗುವುವು. ಮಾತಿನಲ್ಲಿ ಅಡಗಿಹೋಗುವ ಪದಾಂತ್ಯದ ಸ್ವರವನ್ನು, ಮುಂದೆ ವ್ಯಂಜನವಿದ್ದಲ್ಲಿ, ಅವರ ಪ್ರಾಚೀನ ಸಂಪ್ರದಾಯದ ಪದ್ಯದಲ್ಲಿ ಎಣಿಸಲೇಬೇಕು. ಎಣಿಸದಿದ್ದರೆ ಹನ್ನೆರಡು ಅಕ್ಷರಗಳ ಚರಣವು ಕುಂಟುವುದು. ಕನ್ನಡದ ಲೋಪಸಂಧಿಯಲ್ಲಿಯೂ ‘ಸವಣೂರು’, ‘ಎಂಬ’ ಕೂಡಿದಾಗ ಉಕಾರವಳಿದು ಸ-ವ-ಣೂ-ರೆಂ-ಬ ಎಂದು ಅಕ್ಷರಗಳು ಹೊಸದಾಗಿ ಹಂಚಲ್ಪಡುವುವು. ಓದುಗನು ತನ್ನ ಭಾಷೆಯ ಎಣಿಕೆಯನ್ನು ಅರಿತಿರಬೇಕೆಂಬುದು ಎರಡೆಡೆಯೂ ಸಮಾನ.

ತ್ರಿಪದಿಯ ಎಣಿಕೆಯು ಅಂಶಗಳದು. ಅದರ ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಎರಡಂಶಗಳ ಬ್ರಹ್ಮಗಣಗಳು. ಉಳಿದವು ಮೂರಂಶಗಳ ವಿಷ್ಣುಗಣಗಳು. ಗಣದ ಮೊದಲಂಶವು ಒಂದು ಗುರುವಾಗಲಿ ಎರಡು ಲಘುವಾಗಲಿ ಆಗಬಹುದು. ಮುಂದಿನ ಅಂಶಗಳಲ್ಲಿ ಗುರು ಅಥವಾ ಲಘು ಒಂದೊಂದೇ ನಿಲ್ಲುವುದು. ಆದುದರಿಂದ ‘ಶಿಗ್ಗಾಂವಿ’ಯೂ ‘ಸವಣೂರು’ ಎಂಬುದೂ ವಿಷ್ಣುಗಣಗಳೇ. ನಾಲ್ಕೇ ಮಾತ್ರೆಗಳ ‘ಹೊಲಮನೆ’ಯೂ ವಿಷ್ಣುಗಣವೇ, ಅಲ್ಲಿ ಕೊರತೆಯಾದ ಕಾಲವನ್ನು ಹಾಡುವವನ ದನಿಯು ಎಳೆದು ತುಂಬುವುದು. ‘ಹಿರೇಕೆರೂರು’ ಎಂಬುದರ ಮೊದಲಲ್ಲಿರುವ ಲಘು-ಗುರು ಗಣಾರಂಭಕ್ಕೆ ಒಗ್ಗದು. ‘ಹಿರೆಕೆರೂರು’ ಎಂದು ಹ್ರಸ್ವವಾಗಿ ನುಡಿದರೆ ಅದು ನಾಲ್ಕಂಶಗಳ ರುದ್ರಗಣವಾಗುವುದು.

ಈ ಮರ್ಮವನ್ನರಿಯದೆ ಮಾತ್ರೆಗಳನ್ನು ಸರಿಗೂಡಿಸಲೆಂದು ಅಕ್ಷರವನ್ನು ಸೇರಿಸುವ ಸಂಪಾದಕನು ದೋಷವಿಲ್ಲದಲ್ಲಿ ದೋಷವನ್ನು ತಿದ್ದುವನು. ಒಂದೇ ಅಳತೆಯಿಂದ ಓದಿಸುವ ಉಪಾಧ್ಯಾಯನು ಹಾಡನ್ನು ಲೆಕ್ಕವಾಗಿಸುವನು. ಕವಿಯ ಸ್ವಹಸ್ತದ ಪ್ರತಿಯಿಲ್ಲದ ಕೃತಿಯಲ್ಲಿ ಇಂತಹ ತಿದ್ದುಪಡಿಯು ಮುಂದಿನವರಿಗೆ ಮೂಲಪಾಠವೇ ಆಗಿಬಿಡುವ ಭಯವುಂಟು. ಆದಕಾರಣ ತ್ರಿಪದಿಯನ್ನು ಮೊದಲು ಹಾಡಿ ಕೇಳಿ, ಅನಂತರ ಗಣವನ್ನು ವಿಂಗಡಿಸುವುದೇ ಶಾಸ್ತ್ರಕ್ಕೂ ರಸಕ್ಕೂ ಸಮ್ಮತವಾದ ಮಾರ್ಗವು.