ಬಾವಿಗಳ ಮೇಲೆ ನಿಂತ ಚರ್ಚು: ನಾಲ್ಕು ಸಾಲಿಗೊಂದು ವ್ಯಾಖ್ಯಾನ

ಚೆನ್ನೈ ಎಗ್ಮೋರಿನ ಸೇಂಟ್ ಆಂಡ್ರೂಸ್ ಚರ್ಚಿಗೆ ಊರವರ ಬಾಯಲ್ಲಿ ‘ಕರ್ಕ್’ ಎಂದೇ ಹೆಸರು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಕ್ರೈಸ್ತರಿಗಾಗಿ 1821ರ ಫೆಬ್ರವರಿ 25ರಂದು ಅದರ ಬಾಗಿಲು ತೆರೆಯಿತು. ಅದರ ವಾರ್ಷಿಕೋತ್ಸವಕ್ಕೆಂದು ನಾನು ಕಟ್ಟಿದ ಪದ್ಯವಿದು:

ನೆಲವೊಪ್ಪದಿರೆ ಬಾವಿಗಳ ಮೇಲೆ ನಿಂತು
ಗೆಲಬಿಡದೆ ಗೆದ್ದಲನು ಗಾರೆಯಲಿ ಬೆಳೆದು
ಹಲವು ಹೊಂದಾರೆಗಳ ನೀಲಗುಮ್ಮಟದಡಿ
ಒಲಿದು ಕೂಡಿತು ಹಿರಿಯರಾಳುವ ಸಭೆಯು

ನೆಲವೊಪ್ಪದಿರೆ ಬಾವಿಗಳ ಮೇಲೆ ನಿಂತು – ಎಗ್ಮೋರಿನ ಆ ಜಾಗ ಜೌಗು. ಭಾರವಾದ ಕಟ್ಟಡವನ್ನು ಹಾಗೆಯೇ ಇಟ್ಟರೆ ಕುಸಿಯುತ್ತಿತ್ತು. ಮದ್ರಾಸ್ ಸೈನ್ಯದ ಎಂಜಿನಿಯರ್ ಥಾಮಸ್ ಫಿಯಟ್ ಡಿ ಹ್ಯಾವಿಲೆಂಡ್ ಇದಕ್ಕೆ ಈ ನಾಡಿನ ಉಪಾಯವನ್ನೇ ಹಿಡಿದ. ಬಾವಿಗಳನ್ನು ಗಟ್ಟಿ ನೆಲ ಸಿಗುವವರೆಗೂ ಇಳಿಸಿ, ಅವುಗಳ ಮೇಲೆ ತಳಪಾಯ ಕಟ್ಟಿಸಿದ. ನಮ್ಮ ಒಡ್ಡರೂ ಗಾರೆಯವರೂ ತಲೆಮಾರುಗಳಿಂದ ಬಲ್ಲ ವಿದ್ಯೆ ಅದು. ಚರ್ಚಿನ ಚರಿತ್ರೆಯಲ್ಲಿ ಎಂಜಿನಿಯರನ ಹೆಸರಿದೆ, ಕೆಸರಿನೊಳಗೆ ಇಳಿದು ತೋಡಿದವರ ಹೆಸರಿಲ್ಲ. ಪದ್ಯದ ಮೊದಲ ಸಾಲನ್ನು ಅವರಿಗೆಂದೇ ಇಟ್ಟೆ.

ಗೆಲಬಿಡದೆ ಗೆದ್ದಲನು ಗಾರೆಯಲಿ ಬೆಳೆದು – ಮದ್ರಾಸಿನಲ್ಲಿ ಮರದ ಚಾವಣಿಯೆಂದರೆ ಗೆದ್ದಲಿಗೆ ಆಹಾರ. ಹಾಗಾಗಿ ಮೇಲಿನ ಗುಮ್ಮಟವೂ ಇಟ್ಟಿಗೆ ಗಾರೆಯದ್ದೇ ಆಯಿತು. ಇಟ್ಟಿಗೆಯ ಮೇಲೆ ಇಷ್ಟು ನೆಚ್ಚಿಕೆ ಡಿ ಹ್ಯಾವಿಲೆಂಡನಿಗೆ ಎಲ್ಲಿಂದ ಬಂತು? ಉತ್ತರ ನಮ್ಮ ಶ್ರೀರಂಗಪಟ್ಟಣದಲ್ಲಿದೆ. ಹತ್ತು ವರ್ಷ ಮೊದಲೇ ಆತ ಅಲ್ಲಿ ಸುಮಾರು 110 ಅಡಿ ಅಗಲಕ್ಕೆ ಚಾಚಿದ, ಬಹಳ ಚಪ್ಪಟೆಯಾದ ಇಟ್ಟಿಗೆ ಕಮಾನೊಂದನ್ನು ಕಟ್ಟಿಸಿದ್ದ. ಇಷ್ಟು ದೊಡ್ಡ ಕಮಾನು ನಿಲ್ಲುತ್ತದೆ, ಕಾವೇರಿಗೆ ಇಂಥವುಗಳಿಂದಲೇ ಸೇತುವೆ ಹಾಕಬಹುದು ಎಂದು ತೋರಿಸುವ ಹಟ ಅದು. ಸೇತುವೆ ಆಗಲಿಲ್ಲ. ಆದರೆ ನಡುವೆ ನಿಂತು ಕುಣಿದರೆ ಅದುರುತ್ತಿದ್ದ ಆ ಕಮಾನು 1936ರವರೆಗೂ ಉಳಿಯಿತು. ಕರ್ಕಿನ ಗುಮ್ಮಟದ ಹಿಂದೆ ಇರುವುದು ಈ ಧೈರ್ಯವೇ ಎಂದು ನಾನು ನಂಬುತ್ತೇನೆ.

ಹಲವು ಹೊಂದಾರೆಗಳ ನೀಲಗುಮ್ಮಟದಡಿ – ಒಳಗೆ ದುಂಡನೆಯ ಸಭಾಂಗಣ, ಸುತ್ತ 16 ಕಂಬ, ಮೇಲೆ ಚಿನ್ನದ ಬಣ್ಣದ ನಕ್ಷತ್ರಗಳಿರುವ ಕಡುನೀಲಿ. ಇದಕ್ಕೆ ವಿವರಣೆ ಬೇಡ, ನೋಡಬೇಕು.

ಒಲಿದು ಕೂಡಿತು ಹಿರಿಯರಾಳುವ ಸಭೆಯು – ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಬಿಷಪ್ ಇಲ್ಲ. ಬೋಧಕರೂ ಸಭೆ ಆರಿಸಿದ ಹಿರಿಯರೂ ಒಟ್ಟಿಗೆ ಕೂತು ತೀರ್ಮಾನಿಸುತ್ತಾರೆ. ಆಂಗ್ಲಿಕನ್ನರ ನೆರಳಿನಲ್ಲಿದ್ದ ಮದ್ರಾಸಿನ ಸ್ಕಾಟರಿಗೆ ಈ ಹಕ್ಕು ದೊಡ್ಡದು. ಅವರ ಮೊದಲ ಬೋಧಕ ಜಾನ್ ಆಲನ್ ಬಂದದ್ದು 1815ರಲ್ಲಿ. ಅವರ ಬೋಧಕರು ಇಲ್ಲಿ ಮಾಡಿಸಿದ ಮದುವೆಗಳು ಕಾನೂನುಬದ್ಧವೇ ಎಂಬ ತಕರಾರು ತೀರಲು ಬ್ರಿಟಿಷ್ ಸಂಸತ್ತಿನ 1818ರ ಕಾಯ್ದೆಯೇ ಬೇಕಾಯಿತು. ಚರ್ಚಿಗೆ ಅಡಿಗಲ್ಲು ಬಿದ್ದದ್ದೂ ಅದೇ ವರ್ಷ, ಏಪ್ರಿಲ್ 6ರಂದು. ‘ಒಲಿದು’ ಎಂದು ಬರೆಯುವಾಗ ಒಂದು ಮಾತು ಮರೆಯಬಾರದು. ಕಟ್ಟಡಕ್ಕೆ ಹಣ ಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿ, ಕಂಪನಿಯ ಬೊಕ್ಕಸ ತುಂಬಿದ್ದು ನಮ್ಮ ರೈತರ ಕಂದಾಯದಿಂದ. ಒಲವು ಸ್ಕಾಟರದು, ವೆಚ್ಚ ಈ ನೆಲದ್ದು.

ಇಂದು ಕರ್ಕ್ ದಕ್ಷಿಣ ಭಾರತ ಸಭೆಗೆ ಸೇರಿದೆ, ಅಲ್ಲಿ ಬಿಷಪ್ ಇದ್ದಾರೆ. ಭಾನುವಾರ ಅಲ್ಲಿ ಸೇರುವವರು ಈ ದೇಶದ ಜನ. ಪ್ರತಿ ಫೆಬ್ರವರಿಯಲ್ಲಿ ಸ್ಥಾಪಕರನ್ನು ನೆನೆಯುವಾಗ ಬಾವಿ ತೋಡಿದವರಿಗೂ ಒಂದು ಪ್ರಾರ್ಥನೆ ಸಲ್ಲಲಿ ಎಂದು ಆ ಸಭೆಯ ಹಿರಿಯರಲ್ಲಿ ನನ್ನ ಬಿನ್ನಹ.